ತಮ್ಮನ ಕಿವಿಯ ಮೂವತ್ತೇಳು ಪರ್ಸೆಂಟ್

ನನ್ನ ತಮ್ಮನಿಗೆ ಚಿಕ್ಕಂದಿನಿಂದ ಎಡಗಿವಿ ಸೋರುತ್ತಿತ್ತು. ಬಡವನಹಳ್ಳಿ ಕಡೆಯ ನಮ್ಮೂರಲ್ಲಿ ಕಿವಿಗೆ ಬೆಚ್ಚಗಿನ ಎಣ್ಣೆ ಬಿಡುವುದೇ ಔಷಧಿ. ಅವನು ಡಿಗ್ರಿ ಮುಗಿಸುವ ಹೊತ್ತಿಗೆ ಆ ಕಿವಿ ಹೆಚ್ಚುಕಡಿಮೆ ಹೋಗಿತ್ತು, ಬಲಗಿವಿಯೂ ಮಂದವಾಗಿತ್ತು. ಸರ್ಕಾರಿ ಕೆಲಸದ ಪರೀಕ್ಷೆ ಬರೆಯುವುದು, ಸ್ವಲ್ಪದರಲ್ಲಿ ತಪ್ಪುವುದು, ಮತ್ತೆ ಮನೆಯ ಕುರಿಗಳ ಹಿಂದೆ ಹೋಗುವುದು, ಹೀಗೇ ನಡೆದಿತ್ತು. ವಿಕಲಚೇತನರ ಕೋಟಾದಲ್ಲಿ ಅರ್ಜಿ ಹಾಕು ಎಂದು ಜೊತೆಯವನೊಬ್ಬ ಹೇಳಿದ್ದು ಅವನ ತಲೆಯಲ್ಲಿ ಕೂತುಬಿಟ್ಟಿತು. ಅದಕ್ಕೆ ಶೇಕಡಾ ನಲವತ್ತಾದರೂ ಕಿವುಡು ಇದೆ ಎಂದು ಡಾಕ್ಟರು ಬರೆದುಕೊಡಬೇಕು.

ನಾನು ಮಧುಗಿರಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುವವಳು. ರಜೆ ಹಾಕಿ ಅವನನ್ನು ತುಮಕೂರಿನ ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋದೆ. ಕಿವಿ ಪರೀಕ್ಷೆ ಮಾಡಿದ ಹುಡುಗಿ, ಎಡಗಿವಿಯಲ್ಲಿ ಎಪ್ಪತ್ತು ಪರ್ಸೆಂಟ್ ನಷ್ಟ, ಬಲಗಿವಿಯಲ್ಲಿ ಮೂವತ್ತು ಎಂದಳು. ಹೊರಗಿನ ಬೆಂಚಿನ ಮೇಲೆ ಕೂತೇ ತಮ್ಮ ಲೆಕ್ಕ ಹಾಕಿದ. ಎರಡೂ ಸೇರಿ ನೂರು, ಎರಡರಿಂದ ಭಾಗಿಸಿದರೆ ಐವತ್ತು. ಆಗಲೇ ಅವ್ವನಿಗೆ ಫೋನ್ ಮಾಡಿ, ಆಯ್ತು ಎಂದೂ ಹೇಳಿಬಿಟ್ಟ.

ಆದರೆ ಕೊನೆಗೆ ಡಾಕ್ಟರು ಬರೆದದ್ದು ಮೂವತ್ತೇಳು.

ನಾನು ಒಳಗೆ ಹೋಗಿ ಕೇಳಿದೆ. ಅವರು ಸಮಾಧಾನವಾಗಿಯೇ ಹೇಳಿದರು. ಮನುಷ್ಯ ಬದುಕುವುದು ಚೆನ್ನಾಗಿರುವ ಕಿವಿಯಿಂದ, ಹಾಗಾಗಿ ಅದಕ್ಕೆ ಐದು ಪಾಲು, ಕೆಟ್ಟ ಕಿವಿಗೆ ಒಂದೇ ಪಾಲು, ಒಟ್ಟನ್ನು ಆರರಿಂದ ಭಾಗಿಸಬೇಕು. ಮೂವತ್ತನ್ನು ಐದರಿಂದ ಗುಣಿಸಿದರೆ ನೂರೈವತ್ತು, ಅದಕ್ಕೆ ಎಪ್ಪತ್ತು ಸೇರಿಸಿ ಭಾಗಿಸಿದರೆ ಮೂವತ್ತೇಳಕ್ಕೆ ಹತ್ತಿರ. ಲೆಕ್ಕ ಸರಿಯಾಗಿಯೇ ಇತ್ತು.

ವಾಪಸು ಬರುವ ಬಸ್ಸಿನಲ್ಲಿ ಅವನ ಬಲಕ್ಕೆ ಕೂತು ಇದನ್ನೆಲ್ಲ ವಿವರಿಸಿದೆ. ಎಂಜಿನ್ ಸದ್ದಿಗೆ ಕೂಗಿ ಹೇಳಬೇಕಾಯಿತು. ನೀನು ಸಾಲುವಷ್ಟು ಕಿವುಡನಲ್ಲ ಎಂದು ನಾನು ಕೂಗುತ್ತಿದ್ದುದನ್ನು ಕೇಳಿ ಮುಂದಿನ ಸೀಟಿನವರೆಲ್ಲ ತಿರುಗಿ ನೋಡಿದರು. ಕೊರಟಗೆರೆಯವರೆಗೂ ಅವನು ಕಿಟಕಿಯಾಚೆ ನೋಡುತ್ತಿದ್ದ. ಆಮೇಲೆ ನನ್ನ ಬ್ಯಾಗಿನಿಂದ ಪೆನ್ನು ತೆಗೆದುಕೊಂಡು ಅಂಗೈ ಮೇಲೆ ಏನೋ ಗುಣಿಸಿದ. ನಾನು ಕೇಳಲಿಲ್ಲ.

ಮುಂದೊಂದು ಭಾನುವಾರ ಊರಿಗೆ ಹೋದಾಗ ಅವ್ವ, ಅವನಿಗೆ ಹಾಡಿನ ಹುಚ್ಚು ಹಿಡಿದಿದೆ, ಕರೆದರೂ ಓಗೊಡುವುದಿಲ್ಲ ಎಂದು ದೂರಿದಳು. ಕುರಿ ಮೇಯುತ್ತಿದ್ದ ಗುಡ್ಡದ ಬುಡಕ್ಕೆ ಹೋದೆ. ಬಂಡೆ ಮೇಲೆ ಕೂತಿದ್ದ. ಇಯರ್‌ಫೋನು ಬಲಗಿವಿಯಲ್ಲಿ ಮಾತ್ರ ಇತ್ತು, ಅದರ ಹಾಡು ಪಕ್ಕದಲ್ಲಿ ನಿಂತ ನನಗೇ ಕೇಳಿಸುತ್ತಿತ್ತು. ವೈರು ಹಿಡಿದು ಎಳೆದೆ.

“ಯಾಕ್ಲಾ ಇಷ್ಟು ಜೋರಾಗಿ ಇಟ್ಕಂಡಿದೀಯ?”

“ಈ ಕಿವಿ ಇನ್ನು ನಾಕು ಪರ್ಸೆಂಟ್ ಹೋದ್ರೆ ಸಾಕು ಕಣಕ್ಕ,” ಅಂದ. “ಮೂವತ್ನಾಲ್ಕ್ ಐದ್ಲ ನೂರೆಪ್ಪತ್ತು, ಅದ್ಕೆ ಎಪ್ಪತ್ತು ಸೇರ್ಸು, ಆರ್ರಿಂದ ಭಾಗ್ಸು. ಸರ್ಯಾಗಿ ನಲವತ್ತು. ತಪ್ಪಿದ್ರೆ ಹೇಳು.”

ತಪ್ಪಿರಲಿಲ್ಲ. ಹಾಳಾಗುವ ಕಿವಿ ನೀನು ಹೇಳಿದ ಅಂಕಿಗೆ ಬಂದು ನಿಲ್ಲುವುದಿಲ್ಲ ಎಂದು ಬೈದೆ, ಬೇಡಿಕೊಂಡೆ.

“ಇಷ್ಟು ಕೇಳ್ಸೋದನ್ನ ಇಟ್ಕಂಡು ನಾನೇನ್ ಮಾಡ್ಲಿ?” ಅಂದ.

ಸಂಜೆ ಅವ್ವನಿಗೆ ಹೇಳಿದೆ. ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಸ್ವಲ್ಪ ಹೊತ್ತಾದ ಮೇಲೆ ದನಿ ತಗ್ಗಿಸಿ, “ಆ ನಾಕು ಹೋದ್ರೆ ಕೆಲ್ಸ ಸಿಕ್ಕೇ ಸಿಕ್ತದೇನಮ್ಮ?” ಎಂದು ಕೇಳಿದಳು. ಹಾಗೇನಿಲ್ಲ, ಆಗಲೂ ಪರೀಕ್ಷೆ ಬರೆದು ಪಾಸಾಗಬೇಕು ಎಂದೆ. ಅವಳು ನನ್ನ ಮುಖ ನೋಡಲಿಲ್ಲ. ಬೆಳಿಗ್ಗೆ ಎದ್ದವಳೇ ಆ ಇಯರ್‌ಫೋನನ್ನು ಒಲೆಗೆ ಹಾಕಿದಳು. ತಮ್ಮ ನೋಡುತ್ತ ನಿಂತಿದ್ದ.

ಈಗ ಅವನು ಶಿರಾದಲ್ಲಿ ಕಡಲೆಕಾಯಿ ಸುಲಿಯುವ ಮಿಷನ್ನಿನ ಕೆಲಸಕ್ಕಿದ್ದಾನೆ. ಅಲ್ಲಿ ಪಕ್ಕದವರ ಮಾತು ಯಾರಿಗೂ ಕೇಳಿಸದಷ್ಟು ಸದ್ದು. ಕಿವಿಗೆ ಹಾಕಿಕೊಳ್ಳುವ ಬಿರಡೆ ತಂದುಕೊಟ್ಟಾಗ, ಹಾಕ್ಕಂತೀನಿ ಬುಡಕ್ಕ ಅಂದ. ಹಾಕಿಕೊಳ್ಳುತ್ತಾನೋ ಇಲ್ಲವೋ ಗೊತ್ತಿಲ್ಲ. ಫೋನಿನಲ್ಲಿ ಮೊದಲಿಗಿಂತ ಜೋರಾಗಿ ಮಾತಾಡುತ್ತಾನೆ, ನಾನು ಹೇಳಿದ್ದನ್ನು ಇನ್ನೊಮ್ಮೆ ಹೇಳಿಸುತ್ತಾನೆ. ಮತ್ತೆ ಟೆಸ್ಟ್ ಮಾಡಿಸೋಣ ಎಂದು ಇನ್ನೂ ಕೇಳಿಲ್ಲ. ಕೇಳಿದರೆ ನಾನೇ ಕರೆದುಕೊಂಡು ಹೋಗಬೇಕು. ಆಗ ಯಾವ ಅಂಕಿ ಬರಲಿ ಎಂದು ಬೇಡಿಕೊಳ್ಳಬೇಕೋ ನನಗೆ ತಿಳಿಯದು.