ವಾಡಿ ಸ್ಟೇಷನ್ನಿನ ಬೆಂಚಿನ ಮೇಲೊಂದು ಸಂದರ್ಶನ

ಪಿಎಚ್.ಡಿ. ಮಾಡುವವರನ್ನು ಕೆಲಸದ ಸಂದರ್ಶನಕ್ಕೆ ತಯಾರು ಮಾಡುವುದು ನನ್ನ ಕೆಲಸ. ತೊಗರಿ ಬೆಳೆಯ ಮೇಲೆ ಪಿಎಚ್.ಡಿ. ಮಾಡುತ್ತಿದ್ದ ಮಹಾದೇವಿಗೆ ಮರುದಿನ ಲೆಕ್ಚರರ್ ಹುದ್ದೆಯ ಸಂದರ್ಶನವಿತ್ತು. ವಾಡಿ ಸ್ಟೇಷನ್ನಿನ ಬೆಂಚಿನ ಮೇಲೆ ರೈಲಿಗೆ ಕಾಯುತ್ತ ನಾನು ಪ್ರಶ್ನೆ ಕೇಳಿದರೆ ಪ್ರತಿಯೊಂದಕ್ಕೂ ತೊದಲುತ್ತಿದ್ದಳು. "ಉಸಿರು ತಗೊ, ನಿಧಾನ ಹೇಳು" ಎಂದು ಹೇಳಿ ಹೇಳಿ ನನಗೇ ಸಾಕಾಯಿತು.

ಪಕ್ಕದಲ್ಲಿ ಗಂಟು ಹಿಡಿದು ಕೂತಿದ್ದ ತೆಂಗಳಿ ಊರಿನ ರೈತ ಹೆಣ್ಣುಮಗಳು ತಡೆಯಲಾರದೆ ಕೇಳಿದಳು: "ತೊಗರಿ ಮ್ಯಾಲ ಓದಾಕತ್ತೀ ಅಂತೀ. ಹೂ ಬಿಟ್ಟ ಗಿಡ ಯಾಕ ಒಣಗ್ತದ, ಹೇಳವ್ವ?"

"ಮಣ್ಣಾಗಿನ ಬೂಷ್ಟು ಬೇರಿನಾಗ ಹೊಕ್ಕು ನೀರಿನ ದಾರಿ ಮುಚ್ತದ್ರಿ," ಎಂದು ಶುರು ಮಾಡಿದ ಮಹಾದೇವಿ ರೈಲು ಬರುವ ತನಕ ನಿಲ್ಲಲಿಲ್ಲ. ಒಮ್ಮೆಯೂ ತೊದಲಲಿಲ್ಲ.

ಖುಷಿಯಿಂದ ನನ್ನ ಪ್ರಶ್ನೆಗಳ ಹಾಳೆ ಮಡಚಿಟ್ಟೆ. ಆ ಹೆಣ್ಣುಮಗಳು ನನ್ನತ್ತ ತಿರುಗಿದಳು: "ಆಕಿಗಿ ಭಾಳ ಗೊತ್ತದ. ಮತ್ತ ನೀವೇನು ಕಲಿಸ್ತೀರಿ?"

ನಾನು ತೊದಲಿದೆ.

"ಉಸಿರು ತಗೋರಿ ಸರ್," ಮಹಾದೇವಿ ನಕ್ಕಳು, "ನಿಧಾನ ಹೇಳ್ರಿ."