ಮೇಡ್ಲೇರಿ ಹೊಳೆಗೆ ಹೋದ ದೇವರ ಗಂಟು

ಮಹಾನವಮಿ ಅಮಾವಾಸ್ಯೆಯ ದಿನ ಬೆಳಗಿನ ಏಳು ಗಂಟೆಗೆ ನಾನು ಬ್ಯಾಡಗಿಯಿಂದ ಹೊರಟೆ. ಹೆಗಲಿಗೆ ಬುತ್ತಿಯ ಚೀಲ, ಎರಡೂ ಕೈಯಲ್ಲಿ ದೇವರ ಗಂಟು. ಗಂಟಿನಲ್ಲಿ ನಮ್ಮ ದೇವರ ಮನೆಯ ಜಗಲಿಯ ಯಲ್ಲಮ್ಮನ ಬೆಳ್ಳಿ ಮುಖ, ಹಿತ್ತಾಳೆಯ ಬಸವಣ್ಣ, ಗಂಟೆ, ಆರತಿ, ತಾಮ್ರದ ತಂಬಿಗೆ ಇದ್ದವು. ನೀವು ಯಾರೂ ಆಗ ಹುಟ್ಟಿರಲಿಲ್ಲ. ನಿಮ್ಮ ಅಪ್ಪನಿಗೆ ಮದುವೆಯೂ ಆಗಿರಲಿಲ್ಲ.

ಪ್ರತಿವರ್ಷ ಈ ಅಮಾವಾಸ್ಯೆಗೆ ದೇವರನ್ನು ಹೊಳೆಗೆ ಒಯ್ದು ತೊಳೆದು ತರುತ್ತಿದ್ದವರು ನನ್ನ ಗಂಡ, ನಿಮ್ಮ ಅಜ್ಜ. ಹಿಂದಿನ ವರ್ಷ ಅವರು ತೀರಿಕೊಂಡ ಸೂತಕವೆಂದು ದೇವರನ್ನು ಇಳಿಸಿರಲಿಲ್ಲ. ಈ ವರ್ಷವೂ ತಪ್ಪಿದರೆ ಮರುದಿನ ಘಟ್ಟ ಹಾಕುವಂತಿಲ್ಲ. ಮಣ್ಣಿನಲ್ಲಿ ಕಾಳು ಬಿತ್ತಿ ಒಂಬತ್ತು ದಿನ ದೀಪ ಕಾಯುವ ಹಬ್ಬವೇ ನಿಲ್ಲುತ್ತದೆ. ನಿಮ್ಮ ಅಪ್ಪ ಹೋಗಬೇಕಿತ್ತು. ಎರಡು ದಿನದ ಹಿಂದೆ ಅವನ ಕಾಲು ಉಳುಕಿ ಬಾತುಕೊಂಡಿತ್ತು.

ಹೊರಡುವಾಗ ನಮ್ಮ ಅತ್ತೆ ಒಂದೇ ಮಾತು ಹೇಳಿದರು. "ಗಂಟು ನೆಲಕ್ಕ ಮುಟ್ಟಬಾರದು, ಪಾರವ್ವ. ಹಾದ್ಯಾಗ ಎಲ್ಲಿ ಇಟ್ಟಿ, ಅಲ್ಲೇ ಕುಂತುಬಿಡ್ತಾರ ಅವರು. ಮತ್ತ ನಮ್ಮ ಜಗಲಿಗೆ ಬರೂದಿಲ್ಲ."

ಬ್ಯಾಡಗಿಯಲ್ಲಿ ತೊಂದರೆಯಾಗಲಿಲ್ಲ. ನಾನು ಬಸ್ಸು ಹತ್ತಿ ಕುಳಿತ ಮೇಲೆ, ಕುಂಟುತ್ತ ಬಂದಿದ್ದ ನಿಮ್ಮ ಅಪ್ಪ ಗಂಟನ್ನು ಕಿಟಕಿಯಿಂದ ಕೊಟ್ಟ. ಮೋಟೆಬೆನ್ನೂರು ದಾಟುವವರೆಗೆ ತಂಪು ಗಾಳಿ ಇತ್ತು. ರಾತ್ರಿ ಮಳೆಯಾಗಿದ್ದರಿಂದ ಹೊಲಗಳಲ್ಲಿ ಮೆಣಸಿನ ಗಿಡ ತೊಳೆದಿಟ್ಟಂತೆ ಕಾಣುತ್ತಿದ್ದವು.

ರಾಣೆಬೆನ್ನೂರಿನಲ್ಲಿ ಎಲ್ಲರೂ ಇಳಿದ ಮೇಲೆ, ಬಾಗಿಲಿಗೆ ಭುಜ ಕೊಟ್ಟು ಮೆಲ್ಲಗೆ ಇಳಿದೆ. ಮೇಡ್ಲೇರಿ ಬಸ್ಸಿಗೆ ಹೊಳೆಗೆ ಹೋಗುವ ಜನ ಮುತ್ತಿದ್ದರು. ಬಸ್ಸು ನಿಲ್ಲುವ ಮೊದಲೇ ಗಂಡಸರು ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಿದ್ದರು. ಎರಡೂ ಕೈ ಗಂಟಿಗೆ ಕೊಟ್ಟ ನಾನು ಕಂಬಿ ಹಿಡಿದು ಹತ್ತುವುದು ಹೇಗೆ? ಯಾರನ್ನಾದರೂ ಕೇಳೋಣವೆಂದರೆ ಬಾಯಿ ಬರಲಿಲ್ಲ. ಎರಡು ಬಸ್ಸು ಹೋದವು. ತೋಳು ಸೋತು ಗಂಟನ್ನು ಒಮ್ಮೆ ಎದೆಗೆ, ಒಮ್ಮೆ ಸೊಂಟಕ್ಕೆ ಆನಿಸಿಕೊಂಡೆ. ಕಾಲ ಕೆಳಗೆ ಕೆಸರು. ಅಲ್ಲೇ ಇಟ್ಟುಬಿಡುತ್ತೇನೋ ಎಂದು ಹೆದರಿದೆ.

"ಆಗಳಿಂದ ನೋಡಾಕತ್ತೇನಿ, ಎರಡು ಬಸ್ ಬಿಟ್ರಿ. ಗಂಟು ಕೆಳಗಿಡಬಾರದೇನ್ರಿ ಅವ್ವಾ?" ಎಂದು ಪಕ್ಕದಲ್ಲಿದ್ದ ಹೆಂಗಸು ಕೇಳಿದಳು. ನನ್ನ ವಯಸ್ಸಿನವಳೇ, ಬಳೆಗಾರ್ತಿ.

"ಇಡಬಾರದ್ರೀ. ದೇವರದಾವ."

"ನಂದೂ ಅಷ್ಟ. ಈ ಬಳಿ ಗಂಟು ಕೆಳಗಿಟ್ಟರ ತುಳದು ಪುಡಿ ಮಾಡ್ತಾರ. ಹಿಂಗ ಮಾಡೂಣು, ನೀವು ಹತ್ತಿ ಕುಂದ್ರಿ. ನಾ ಕಿಡಕ್ಯಾಗ ಎರಡೂ ಕೊಡ್ತೀನಿ." ಆಮೇಲೆ ದನಿ ತಗ್ಗಿಸಿದಳು. "ಆದ್ರ ನಾವು ಸಾಬರು. ನಾ ಮುಟ್ಟಿದ್ರ ನಡೀತದೇನು ನೋಡ್ರಿ."

ನಾನು ಅತ್ತೆಯನ್ನು ನೆನೆದು ಗಂಟನ್ನು ಬಿಗಿಹಿಡಿದೆ. ಅವಳು ನಕ್ಕಳು. "ಹೆಂಗೂ ಜಳಕಕ್ಕ ಹೊಂಟಾರಲ್ಲ ನಿಮ್ಮ ದೇವರು!"

ನನಗೆ ನಾಚಿಕೆಯಾಯಿತು. "ಹಂಗ ಅನಬ್ಯಾಡ್ರಿ. ಹಿಡೀರಿ" ಎಂದೆ.

ಅವಳು ಮೊದಲು ಚಪ್ಪಲಿ ಬಿಟ್ಟಳು. ಆಮೇಲೆ ಕೈ ಚಾಚಿದಳು.

ಮುಂದಿನ ಬಸ್ಸಿಗೆ ನುಗ್ಗಿ ಕಿಟಕಿಯ ಸೀಟು ಹಿಡಿದೆ. ಬಳೆಗಳ ಗಂಟು ನನ್ನ ಮಡಿಲಿಗೆ ಬಂತು. ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೊರಟಿತು. ಗಂಡಸರ ಮುಂದೆ ಎಂದೂ ದನಿ ಎತ್ತದ ನಾನು ಎದ್ದು ನಿಂತು ಚೀರಿದೆ. "ನಿಂದರಸ್ರೀ! ದೇವರು ಕೆಳಗ ಉಳದಾವ!"

ಇಡೀ ಬಸ್ಸು ನನ್ನತ್ತ ತಿರುಗಿತು. "ಏನಬೇ ಯವ್ವಾ, ದೇವರನ್ನ ಬಿಟ್ಟು ನೀ ಒಬ್ಬಾಕಿನ ಹೊಂಟಿಯೇನು?" ಎಂದ ಕಂಡಕ್ಟರ್.

"ಅವಕ್ಕೂ ಒಂದು ಅರ್ಧಾ ಟಿಕೀಟ ಹರಿಯೋ ತಮ್ಮಾ" ಎಂದು ಹಿಂದಿನಿಂದ ಒಬ್ಬ ಅಜ್ಜ ಕೂಗಿದ. ಎಲ್ಲರೂ ನಕ್ಕರು. ಬಳೆಗಾರ್ತಿ ಗಂಟನ್ನು ಎದೆಗೆ ಅವಚಿಕೊಂಡು ಕೆಸರಿನಲ್ಲಿ ಬರಿಗಾಲಲ್ಲಿ ಓಡಿ ಬಂದು ಹತ್ತಿದಳು. "ತಗೋರಿ ನಿಮ್ಮ ಅವ್ವನ್ನ. ನೆಲಕ್ಕ ಮುಟ್ಟಿಲ್ಲ ಮತ್ತ" ಎಂದಳು. ಅವಳ ಚಪ್ಪಲಿ ರಾಣೆಬೆನ್ನೂರಿನಲ್ಲೇ ಉಳಿದಿತ್ತು.

ಮೇಡ್ಲೇರಿಯಲ್ಲಿ ಅವಳು ಊರೊಳಗೆ ಹೋದಳು. ನಾನು ಗದ್ದೆಗಳ ನಡುವೆ ನಡೆದು ಹೊಳೆಗೆ ಹೋದೆ. ತುಂಗಭದ್ರೆ ಕೆಂಪಾಗಿ, ತುಂಬಿ ಹರಿಯುತ್ತಿದ್ದಳು. ಮೊಣಕಾಲುದ್ದ ನೀರಿನಲ್ಲಿ ನಿಂತು ಅಲ್ಲೇ ಗಂಟು ಬಿಚ್ಚಿದೆ. ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದಾಗ ಯಲ್ಲಮ್ಮನ ಮುಖ ಬಿಸಿಲಿಗೆ ಮಿಂಚಿತು. ವಿಭೂತಿ, ಭಂಡಾರದ ಅರಿಶಿನ, ಹೂವು ಏರಿಸಿ ಕಡುಬಿನ ಎಡೆ ಹಿಡಿದೆ. ಒಂದು ಕಡುಬನ್ನು ಎಲೆಯಲ್ಲಿಟ್ಟು ಹೊಳೆಯ ಗಂಗವ್ವನಿಗೆ ಬಿಟ್ಟೆ. ನಿಮ್ಮ ಅಜ್ಜ ಇಷ್ಟು ವರ್ಷ ಒಬ್ಬರೇ ಇಲ್ಲಿ ನಿಲ್ಲುತ್ತಿದ್ದರಲ್ಲ ಎಂದುಕೊಂಡೆ. ಗಂಟನ್ನು ಮತ್ತೆ ಕಟ್ಟಿ ಮಡಿಲಲ್ಲಿಟ್ಟುಕೊಂಡು ದಡದಲ್ಲಿ ಬಹಳ ಹೊತ್ತು ಸಮಾಧಾನವಾಗಿ ಕುಳಿತೆ.

ಮರಳುವಾಗ ರಾಣೆಬೆನ್ನೂರಿನಲ್ಲಿ ನಾನೇ ಬಾಯಿಬಿಟ್ಟು ಕೇಳಿದೆ. ಕಾಲೇಜಿನ ಹುಡುಗಿಯೊಬ್ಬಳು ಗಂಟು ಹಿಡಿದು ಕಿಟಕಿಯಿಂದ ಕೊಟ್ಟಳು.

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದೆ. ಅತ್ತೆ ಹೊಸ್ತಿಲಲ್ಲೇ ಕಾಯುತ್ತಿದ್ದರು. "ನೆಲಕ್ಕ ಮುಟ್ಟಲಿಲ್ಲ ಹೌದಿಲ್ಲೋ?"

"ಇಲ್ಲರೀ ಅತ್ತಿ."

"ಮತ್ತ ಒಬ್ಬಾಕಿನ ಬಸ್ ಹೆಂಗ ಹತ್ತಿದಿ?"

ಸುಳ್ಳು ಹೇಳಲಾಗಲಿಲ್ಲ. ಬಳೆಗಾರ್ತಿಯ ಸುದ್ದಿಯನ್ನೆಲ್ಲ ಹೇಳಿದೆ, ಚಪ್ಪಲಿಯದೂ ಸೇರಿ. ಅತ್ತೆ ಬಗ್ಗಿ ನನ್ನ ಪಾದ ನೋಡಿದರು.

"ಆಕಿ ಚಪ್ಪಲಿ ಬಿಟ್ಟು ಹಿಡದಳು. ನೀ ಮೆಟಗೊಂಡ ಹೋಗಿದ್ದಿಯೇನು?"

"ಹೌದ್ರೀ."

"ನಿನ್ನ ಗಂಡನೂ ಮೆಟಗೊಂಡ ಹೋಗ್ತಿದ್ದ. ನಮಗ ಯಾರಿಗೂ ತಿಳೀಲಿಲ್ಲ ನೋಡು" ಎಂದು, ಗಂಟನ್ನು ನನ್ನ ಕೈಯಿಂದ ತಾವೇ ತೆಗೆದುಕೊಂಡು ಜಗಲಿಯ ಕಡೆ ನಡೆದರು.

ಮರುವರ್ಷ ನಾನು ಬ್ಯಾಡಗಿಯಿಂದಲೇ ಬರಿಗಾಲಲ್ಲಿ ಹೊರಟೆ. ನೀವೂ ಈಗ ಹಾಗೆಯೇ ಹೋಗುತ್ತೀರಿ.