ಖಾಕಿ ಕಂಡರೆ ಓಡುವ ಮಾದು

ದೇವನೂರಿನ ಮಾದುವಿನ ಲಗೇಜ್ ಆಟೋಗೆ ಇನ್ಶೂರೆನ್ಸ್ ಇತ್ತು, ಎಮಿಷನ್ ಚೀಟಿ ಇತ್ತು, ಜೇಬಿನಲ್ಲಿ ಲೈಸೆನ್ಸೂ ಇತ್ತು. ಇಲ್ಲದ್ದು ಧೈರ್ಯ ಒಂದೇ. ಲೈಸೆನ್ಸಿಲ್ಲದೆ ಗಾಡಿ ಓಡಿಸುತ್ತಿದ್ದ ಕಾಲದಲ್ಲಿ ಖಾಕಿ ಕಂಡ ಕೂಡಲೇ ಹೊಲದ ದಾರಿ ಹಿಡಿದು ಅಭ್ಯಾಸವಾಗಿತ್ತು. ಕಾಗದಪತ್ರ ಎಲ್ಲ ಸರಿಯಾದ ಮೇಲೂ ಅವನ ಕಾಲಿಗೆ ಆ ಸುದ್ದಿ ಯಾರೂ ಮುಟ್ಟಿಸಿರಲಿಲ್ಲ.

ಅಂಥವನಿಗೂ ಅದೃಷ್ಟ ಖುಲಾಯಿಸಿತು. ನಂಜನಗೂಡಿನ ಶಿವಮಲ್ಲಪ್ಪ ತನ್ನ ಶಾಲಾ ವ್ಯಾನಿಗೆ ಸೋಮವಾರದಿಂದ ಡ್ರೈವರಾಗಿ ಬರಹೇಳಿದ. ತಿಂಗಳ ಸಂಬಳ, ಭಾನುವಾರ ರಜ. ಹೆಂಡತಿ ಸಾಕಮ್ಮ ಆಗಲೇ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು. ಲೈಸೆನ್ಸಿನ ಮೇಲೆ ಒಂದು ಕಪ್ಪು ಚುಕ್ಕೆಯೂ ಇರಬಾರದು ಎಂಬುದೊಂದೇ ಶಿವಮಲ್ಲಪ್ಪನ ಷರತ್ತು.

ಶನಿವಾರ ತಿ. ನರಸೀಪುರದಲ್ಲಿ ಬಾಳೆಗೊನೆ ಇಳಿಸಿ ವಾಪಸು ಬರುವಾಗ, ಸುತ್ತೂರಿನ ಈಚೆ ತಿರುವಿನಲ್ಲಿ ಸಬ್‌ಇನ್‌ಸ್ಪೆಕ್ಟರ್ ಬೆಟ್ಟಸ್ವಾಮಿ ಕೈ ಅಡ್ಡ ಹಿಡಿದರು. ನಿಲ್ಲಿಸಿದ್ದರೆ ಎರಡು ಮಾತಿನಲ್ಲಿ ಮುಗಿಯುತ್ತಿತ್ತು. ಮುಂದೆ ರಸ್ತೆ ತುಂಬ ಹುರುಳಿ ಗಿಡ ಹರಡಿದ್ದಾರೆ, ಬೆಳಿಗ್ಗೆ ಒಂದು ಬೈಕು ಜಾರಿ ಬಿದ್ದಿದೆ, ಬೇರೆ ದಾರಿಯಲ್ಲಿ ಹೋಗು ಎನ್ನುವುದಕ್ಕೇ ಅವರು ನಿಂತದ್ದು. ಮಾದು ಎಲ್ಲಿ ಕೇಳಿಸಿಕೊಂಡ! ಬೆಟ್ಟಸ್ವಾಮಿ ಪಕ್ಕಕ್ಕೆ ಹಾರಿಕೊಂಡರು, ಆಟೋ ಬುರ್ರೆಂದು ಹೋಯಿತು.

ಹೋಗಿ ಹೋಗಿ ಹುರುಳಿಯೊಳಗೇ ಹೊಕ್ಕಿತು. ಬಳ್ಳಿ ಚಕ್ರಕ್ಕೆ ಸುತ್ತಿಕೊಂಡು, ಆಟೋ ಎರಡು ಸಲ ಕೆಮ್ಮಿ, ಮುತ್ತಮ್ಮನ ಎದುರಿಗೇ ನಿಂತಿತು. ಹುರುಳಿ ಆಕೆಯದೇ. ಗಾಡಿಗಳ ಚಕ್ರದಡಿ ಸಿಕ್ಕಿ ಕಾಳು ಬಿಡಲೆಂದು ಹರಡಿದ್ದಳು. ಇದು ಯಾರದೆಂದು ಪೊಲೀಸರು ಕೇಳಿದಾಗ ಗೊತ್ತಿಲ್ಲ ಎಂದು ತಲೆಯಾಡಿಸಿದ್ದಳು. ಅವರೋ, ಆಗಿನಿಂದ ಒಂದು ಗಾಡಿಯನ್ನೂ ಈ ಕಡೆಗೆ ಬಿಟ್ಟಿರಲಿಲ್ಲ.

“ಬಾ ನನ್ನಪ್ಪಾ! ಯಾಕ್ಲಾ ನಿಲ್ಲಿಸ್ದೆ? ಇನ್ನೊಂದ್ ಸುತ್ತು ಓಡ್ಸು!” ಎಂದಳು ಮುತ್ತಮ್ಮ.

ಅಷ್ಟರಲ್ಲಿ ಜೀಪು ಬಂತು. ಬೆಟ್ಟಸ್ವಾಮಿ ಕಾಗದಪತ್ರ ನೋಡಿದರು. ಎಲ್ಲವೂ ಸರಿ. ಅದರಿಂದ ಅವರ ಸಿಟ್ಟು ಇನ್ನೂ ಏರಿತು.

“ಇಷ್ಟೆಲ್ಲಾ ಸರಿ ಇಟ್ಕೊಂಡು ಓಡ್ತೀಯಲ್ಲಯ್ಯಾ! ನಿಂತಿದ್ರೆ ಕೇಸೇ ಇರ್ತಿರ್ಲಿಲ್ಲ. ಪೊಲೀಸು ಕೈ ತೋರ್ಸಿದ್ರೂ ನಿಲ್ಲಿಸ್ಲಿಲ್ಲ, ಅದಕ್ಕೊಂದು ಕೇಸು. ನನ್ ಮೈಮೇಲೇ ನುಗ್ಗಿಸ್ದೆ, ಅದಕ್ಕಿನ್ನೊಂದು. ಲೈಸೆನ್ಸ್ ಆರ್‌ಟಿಒಗೆ ಹೋಗುತ್ತೆ, ಮೂರು ತಿಂಗ್ಳು ಸಸ್ಪೆಂಡ್!”

“ಸೋಮ್ವಾರದಿಂದ ವ್ಯಾನ್ ಕೆಲ್ಸ ಅದೆ ಸಾ” ಎಂದು ಮಾದು ಕೈಮುಗಿದ. ಸಾಕಮ್ಮನ ಮುಖ ಕಣ್ಣ ಮುಂದೆ ಬಂತು.

ಮುತ್ತಮ್ಮ ನಡುವೆ ಬಂದಳು. “ಅಯ್ಯೋ ಸಾ, ಅವ್ನೆಲ್ಲಿ ಓಡ್ದ? ನಾನೇ ಫೋನ್ ಮಾಡಿ ಕರಸ್ದೆ, ಉಳ್ಳಿ ತುಳಿಸ್ಲಿ ಅಂತ.”

“ಓಹೋ, ಹುರುಳಿ ನಿಂದೇನಾ! ಹಾಗಾದ್ರೆ ಬೈಕಿನವನು ಬಿದ್ದಿದ್ದೂ ನಿನ್ನಿಂದ್ಲೇ. ಕೇಸು ನಿನ್ನ ಮೇಲೇ ಹಾಕ್ತೀನಿ. ಏನಯ್ಯಾ, ಈಯಮ್ಮ ಹೇಳಿದ್ದು ನಿಜವಾ?”

ಹೌದು ಎಂದರೆ ವ್ಯಾನು ಉಳಿಯುತ್ತಿತ್ತು. ಮಾದು ಆಕೆಯ ಕಡೆ ನೋಡಿದ. ಬಾಯಿಬಿಟ್ಟದ್ದಕ್ಕೆ ಪಾಪ, ಮುತ್ತಮ್ಮ ಆಗಲೇ ಬೆವರುತ್ತಿದ್ದಳು.

“ಇಲ್ಲ ಸಾ. ನನ್ ಮ್ಯಾಲಿನ ಕನಿಕರಕ್ಕೆ ಅಂಗಂತಾವ್ಳೆ. ನಾನೇ ಎದ್ರುಕೊಂಡು ಓಡ್ದೆ.”

ಬೆಟ್ಟಸ್ವಾಮಿ ಲೈಸೆನ್ಸನ್ನು ಜೇಬಿಗಿಳಿಸಿದರು. ಮುತ್ತಮ್ಮನಿಗೆ ಬಾಯಿತುಂಬ ಬೈದು, ಹುರುಳಿ ತೆಗೆಸಿ, ಕೇಸು ಹಾಕದೆ ಬಿಟ್ಟರು. ಮಾದು ಅಲ್ಲೇ ನಿಂತು ಶಿವಮಲ್ಲಪ್ಪನಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದ.

“ಮಕ್ಳ ಗಾಡಿ ಕಣೋ ಅದು. ಓಡೋಗೋ ಡ್ರೈವರ್ ನಂಗ್ ಬ್ಯಾಡ” ಎಂದ ಶಿವಮಲ್ಲಪ್ಪ. ಫೋನು ಇಡುವ ಮೊದಲು, “ನೀನಾಗೇ ಏಳ್ದಲ್ಲ, ಅದ್ಕೊಂದ್ ಮಾತು. ಮೂರು ತಿಂಗ್ಳು ಬಾಗ್ಲು ತೆಗ್ದು ಮಕ್ಕಳ್ನ ಅತ್ತಿಸು, ಇಳ್ಸು. ಸ್ಟೇರಿಂಗು ಆಮೇಲೆ ನೋಡಣ” ಎಂದ.

ಸೋಮವಾರ ಮಾದು ವ್ಯಾನಿನ ಬಾಗಿಲಲ್ಲಿ ನಿಂತ. ನಾಚಿಕೆಯೇನೋ ಆಯಿತು, ಮನೆಯಲ್ಲಿ ಸಾಕಮ್ಮನ ಬೈಗುಳ ಬೇರೆ. ಒಂದನೇ ಕ್ಲಾಸಿನ ಸಿಂಧು ಅವನನ್ನು ಮೇಲಿಂದ ಕೆಳಗೆ ನೋಡಿ, “ಮಾಮ, ನಿಮ್ಗೆ ವ್ಯಾನ್ ಓಡ್ಸಾಕೆ ಬರಲ್ವಾ?” ಎಂದು ಕೇಳಿದಳು.

“ಓಡ್ಸಾಕ್ ಬತ್ತದೆ ಕಣವ್ವ” ಎಂದ ಮಾದು, ಅವಳ ಬ್ಯಾಗು ಇಸಿದುಕೊಳ್ಳುತ್ತ. “ನಿಲ್ಸದು ಕಲೀತಾ ಇವ್ನಿ.”